ನಾಲ್ಕು ಜನ ಇಳಿದ ಪುಟ

ತಾನು ಬರೆಯುವುದನ್ನು ಯಾರೂ ಓದುವುದಿಲ್ಲ ಎಂಬುದು ಶಮೀಮಾಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿ ಅವಳು ಕಣ್ಣೀರು ಹಾಕಿದವಳೂ ಅಲ್ಲ. ಮಂಗಳೂರಿನ ಪಂಪ್‌ವೆಲ್‌ನಲ್ಲಿ, ಟಯರ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಮೋಹನದಾಸ್ ಎಂಬವರ ಸಣ್ಣದೊಂದು ಕಚೇರಿ. ಕಾರ್ಖಾನೆಗಳಿಗೆ ಸುರಕ್ಷತಾ ಕೈಪಿಡಿ ತಯಾರಿಸಿ ಕೊಡುವುದು ಅವರ ಉದ್ಯೋಗ. ಇಂಗ್ಲಿಷಿನಲ್ಲಿರುವುದನ್ನು ಕನ್ನಡಕ್ಕೆ ತರುವುದು ಶಮೀಮಾಳ ಕೆಲಸ. ಹೆಲ್ಮೆಟ್ ಧರಿಸಿ, ಏಣಿ ಗಟ್ಟಿಯಿದೆಯೇ ನೋಡಿಕೊಳ್ಳಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ಕಾರ್ಖಾನೆಯವರು ಅದನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿ, ತಪಾಸಣೆಗೆ ಬಂದವರ ಕಣ್ಣಿಗೆ ಬೀಳುವಂತೆ ಗಾಜಿನ ಕಪಾಟಿನಲ್ಲಿಟ್ಟು, ಮೇಲೆ ಬೀಗ ಬೇರೆ ಜಡಿಯುತ್ತಿದ್ದರು. ಪುಸ್ತಕವನ್ನು ಅಷ್ಟು ಸುರಕ್ಷಿತವಾಗಿ ಇಟ್ಟುಕೊಂಡವರನ್ನು ನೀವು ಬೇರೆಲ್ಲೂ ಕಾಣಲಾರಿರಿ.

ಈ ಕೆಲಸಕ್ಕೆಂದೇ ಅವಳ ಗಂಡ ಶಾಹುಲ್, ಸೌದಿಯ ಜುಬೈಲ್‌ನಿಂದ ರಜೆಯಲ್ಲಿ ಬಂದಾಗ, ಪುಸ್ತಕ ಓದುವ ಒಂದು ಇ-ರೀಡರ್ ತಂದುಕೊಟ್ಟಿದ್ದ. ಬಸ್ಸಿನಲ್ಲಿ ಫೋನ್ ನೋಡಿ ನೋಡಿ ತಲೆ ಸಿಡಿಯುತ್ತದೆ ಎಂದು ಹೆಂಡತಿ ಗೊಣಗಿದ್ದನ್ನು ಅವನು ಮರೆತಿರಲಿಲ್ಲ. ಮೊದಮೊದಲು ಅವಳಿಗೆ ಅದರ ಮೇಲೆ ಸಿಟ್ಟೇ ಬಂದಿತ್ತು. ಕಚೇರಿಯ ಪಿಡಿಎಫ್ ಹಾಕಿದರೆ ಇಡೀ ಪುಟ ಅಂಗೈಯಗಲಕ್ಕೆ ಕುಗ್ಗಿ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ಆಮೇಲೆ ಗುಟ್ಟು ತಿಳಿಯಿತು. ಪಿಡಿಎಫ್ ಮಾಡದೆ ವರ್ಡ್ ಫೈಲನ್ನೇ ರೀಡರಿನ ಇಮೇಲ್ ವಿಳಾಸಕ್ಕೆ ಕಳಿಸಿದರೆ ಅದು ಪುಸ್ತಕವಾಗಿಯೇ ಬಂದು ಕೂರುತ್ತದೆ; ಅಕ್ಷರ ಬೇಕಾದಷ್ಟು ಹಿಗ್ಗುತ್ತದೆ, ಸಾಲು ತಾನಾಗಿ ಮುರಿದುಕೊಳ್ಳುತ್ತದೆ, ತಪ್ಪು ಕಂಡಲ್ಲಿ ಬೆರಳೊತ್ತಿ ಗುರುತು ಹಾಕಬಹುದು. ಕಾರ್ಖಾನೆಗಳಿರುವ ಪಣಂಬೂರಿಗೆ ಬಸ್ಸಿನಲ್ಲಿ ಹೋಗುವ ದಿನಗಳಲ್ಲಿ, ಬಿಸಿಲು ನೇರ ಪರದೆಗೆ ಬಿದ್ದರೂ, ಕಾಗದದಂತೆ ಓದಿಕೊಂಡು ಹೋಗುತ್ತಿದ್ದಳು. ಕೆಲಸದ ಕರಡುಗಳು, ಕಾದಂಬರಿಗಳು, ಎಲ್ಲ ಒಂದೇ ಪಟ್ಟಿಯಲ್ಲಿ. ಕೊನೆಗೆ ಬಂದದ್ದು ಎಲ್ಲಕ್ಕಿಂತ ಮೇಲೆ. ಅವನ್ನು ಬೇರೆ ಬೇರೆ ಮಾಡಿಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಈ ಸಲ ಬಂದದ್ದು ಪಣಂಬೂರಿನ ಒಂದು ರಾಸಾಯನಿಕ ಕಂಪನಿಯ ಕೈಪಿಡಿ. ಅದರ ಏಳನೆಯ ಅಧ್ಯಾಯ ಟ್ಯಾಂಕು, ಗುಂಡಿಗಳ ಒಳಗೆ ಇಳಿಯುವ ಕೆಲಸದ ಕುರಿತು. ಅಲ್ಲೊಂದು ಉದಾಹರಣೆ ಇತ್ತು. ಬೇರೆ ಯಾವುದೋ ರಾಜ್ಯದ ಎಣ್ಣೆ ಕಾರ್ಖಾನೆಯಲ್ಲಿ, ಖಾಲಿ ಟ್ಯಾಂಕಿನೊಳಗೆ ಬಿದ್ದ ಪೊರಕೆ ತರಲು ಒಬ್ಬ ಇಳಿದ. ಕೊಳೆತ ಎಣ್ಣೆಯ ಜಿಡ್ಡು ಒಳಗಿನ ಉಸಿರಾಡುವ ಗಾಳಿಯನ್ನು ತಿಂದು ಹಾಕಿತ್ತು. ಅವನು ಕುಸಿದ. ಅವನನ್ನು ಎತ್ತಲು ಎರಡನೆಯವನು, ಅವನನ್ನು ಎತ್ತಲು ಮೂರನೆಯವನು, ಆಮೇಲೆ ನಾಲ್ಕನೆಯವನು. ಇಂಗ್ಲಿಷಿನಲ್ಲಿ ಇದು ನಾಲ್ಕಾರು ಸಾಲಿನಲ್ಲಿ ಮುಗಿದಿತ್ತು. ಜೊತೆಗಿದ್ದ ತನಿಖಾ ವರದಿಯನ್ನು ಓದಿದ ಶಮೀಮಾಳಿಗೆ ಮಾತ್ರ ಅಷ್ಟಕ್ಕೆ ಬಿಡಲಾಗಲಿಲ್ಲ. ಒಬ್ಬೊಬ್ಬನೂ ಏಣಿಯ ಮೇಲೆ ಕಾಲಿಟ್ಟದ್ದು, ಮೇಲಿನವರನ್ನು ನೋಡಿ ಕೈ ಬೀಸಿದ್ದು, ಎಲ್ಲವನ್ನೂ ಸೇರಿಸಿ ಪುಟಗಟ್ಟಲೆ ಬರೆದಳು. ವರದಿಯಲ್ಲಿ ಹೆಸರುಗಳಿರಲಿಲ್ಲ, ಕೆಲಸಗಾರ ಅ, ಕೆಲಸಗಾರ ಆ, ಕೆಲಸಗಾರ ಇ, ಕೆಲಸಗಾರ ಈ ಎಂದು ಕರೆದಳು.

ಮೋಹನದಾಸರಿಗೆ ಅದು ಹಿಡಿಸಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು, ಗಿರಾಕಿಗೆ ಹೆದರುವ ಮನುಷ್ಯರು. ಕೈಪಿಡಿಯಲ್ಲಿ ನಿಯಮ ಹೇಳಿದರೆ ಸಾಕು, ಹೆಣ ಯಾಕೆ, ಇದನ್ನು ನೋಡಿದರೆ ಕಂಪನಿಯವರು ಸಹಿ ಹಾಕಲಿಕ್ಕಿಲ್ಲ, ಆ ಭಾಗ ತೆಗೆದುಬಿಡು ಎಂದರು. ಶಮೀಮಾ ನೋಡುತ್ತೇನೆ ಸರ್ ಎಂದಳು. ಯಾರೂ ಓದದ ಪುಸ್ತಕದಲ್ಲಿ ಒಂದು ಪುಟ ಇದ್ದರೆಷ್ಟು, ಹೋದರೆಷ್ಟು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಆದರೂ ಅಳಿಸಲು ಕೈ ಬರಲಿಲ್ಲ. ಕರಡು ಹಾಗೆಯೇ ರೀಡರಿನಲ್ಲಿ, ಪಟ್ಟಿಯ ಮೇಲ್ತುದಿಯಲ್ಲಿ, ಕುಳಿತೇ ಇತ್ತು.

ಫಳ್ನೀರಿನ ಫ್ಲ್ಯಾಟಿನಲ್ಲಿ ಶಮೀಮಾಳ ಜೊತೆಗಿದ್ದವರು ಅವಳ ಅತ್ತೆ ಝುಬೈದಾ. ಮನೆಯೊಳಗೆ ಬ್ಯಾರಿ, ಬಾಗಿಲು ದಾಟಿದರೆ ತುಳು, ಓದಲು ಕನ್ನಡ, ಹೀಗೆ ಬದುಕಿದವರು. ಬಂದರಿನ ಓಣಿಯಲ್ಲಿದ್ದ ಕಾಲದಲ್ಲಿ ಅವರ ಓದು ಹೆಸರುವಾಸಿಯಾಗಿತ್ತು. ವಾರಪತ್ರಿಕೆ ಬಂದ ದಿನ, ಮಧ್ಯಾಹ್ನದ ನಮಾಝ್ ಮುಗಿಸಿ ಹೆಂಗಸರು ಅವರ ಜಗಲಿಗೆ ಬಂದು ಕೂರುತ್ತಿದ್ದರು. ಝುಬೈದಾ ಧಾರಾವಾಹಿಯ ಎರಡು ಸಾಲು ಕನ್ನಡದಲ್ಲಿ ಓದಿ, ನಾಲ್ಕು ಮಾತು ತಮ್ಮದು ಸೇರಿಸಿ, ಒಂದು ವಾರದ ಕಂತನ್ನು ಎರಡು ಮೂರು ಮಧ್ಯಾಹ್ನಗಳಿಗೆ ಎಳೆಯುತ್ತಿದ್ದರು. ಆಮೇಲೆ ಒಂದು ಕಣ್ಣು ಹೋಯಿತು, ಇನ್ನೊಂದು ಮಸುಕಾಯಿತು. ಪತ್ರಿಕೆ ಹಿಡಿದರೆ ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ ಎಂದು ಹೇಳಿ, ಓದುವುದನ್ನೇ ಬಿಟ್ಟುಬಿಟ್ಟರು.

ಒಂದು ದಿನ ಶಮೀಮಾ ಸುಮ್ಮನೆ ಒಂದು ಕಾದಂಬರಿ ತೆರೆದು, ಅಕ್ಷರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿ, ಅತ್ತೆಯ ಮಡಿಲಲ್ಲಿ ಇಟ್ಟಳು. ಝುಬೈದಾ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು. ಪರದೆಯ ಮೇಲೆ ಒಂದು ಅಕ್ಷರದ ಮೇಲೆ ಬೆರಳಿಟ್ಟು ಅದರ ಬಳುಕನ್ನು ತಿದ್ದಿದರು. ಆಮೇಲೆ ಸಣ್ಣ ದನಿಯಲ್ಲಿ ಬಿಸ್ಮಿಲ್ಲಾ ಎಂದು, ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಸೊಸೆಯ ಮುಖ ನೋಡಿದರು. ಕಳೆದುಹೋದ ಮಗುವನ್ನು ಯಾರೋ ಕೈಹಿಡಿದು ಕರೆತಂದು ಬಿಟ್ಟಂತಿತ್ತು ಆ ನೋಟ. ದಿನಾ ಕೈಯಲ್ಲಿ ಹಿಡಿದು ತಿರುಗಿದ ಯಂತ್ರಕ್ಕೆ ಇಂಥದ್ದೊಂದು ಶಕ್ತಿಯಿದೆ ಎಂದು ಶಮೀಮಾಳಿಗೆ ಗೊತ್ತೇ ಇರಲಿಲ್ಲ.

ಅಂದಿನಿಂದ ಕಚೇರಿಗಷ್ಟೇ ಹೋಗುವ ದಿನಗಳಲ್ಲಿ ರೀಡರು ಮನೆಯಲ್ಲೇ ಉಳಿಯಿತು. ಝುಬೈದಾ ಅದನ್ನು ಸ್ಲೇಟು ಎಂದರು. ಅವರಿಗೆ ತಿಳಿದಿದ್ದ ವಿದ್ಯೆ ಎರಡೇ: ಮೇಲಿನದ್ದನ್ನು ಒತ್ತಿದರೆ ತೆರೆಯುತ್ತದೆ, ಬಲಗಡೆ ಒತ್ತಿದರೆ ಪುಟ ತಿರುಗುತ್ತದೆ.

ಒಂದು ಮಧ್ಯಾಹ್ನ ಕಚೇರಿಯಲ್ಲಿ ಕರೆಂಟಿಲ್ಲದೆ ಶಮೀಮಾ ಬೇಗ ಮನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ಚಾವಡಿಯಲ್ಲಿ ಎದುರು ಫ್ಲ್ಯಾಟಿನ ಗುಣವತಿ ಶೆಟ್ಟಿ, ಕೆಳಗಿನ ಮಹಡಿಯ ಸೆವರಿನ್ ಬಾಯಿ ಕುಳಿತಿದ್ದರು. ನಡುವೆ ಝುಬೈದಾ, ಕೈಯಲ್ಲಿ ಸ್ಲೇಟು. ಅವರು ಹೇಳುತ್ತಿದ್ದುದನ್ನು ಕೇಳಿ ಶಮೀಮಾ ಚಪ್ಪಲಿ ಬಿಡುವುದನ್ನೂ ಮರೆತಳು. ಅಬ್ದುಲ್ಲ ಬಿದ್ದಾಗಿದೆ, ಆನಂದ ಏಣಿ ಇಳಿದು ಅವನ ಕಂಕುಳಿಗೆ ಕೈ ಹಾಕಿದ್ದಾನೆ, ಈಗ ಅವನ ಮೊಣಕಾಲೂ ಬಾಗುತ್ತಿದೆ, ಮೇಲಿನಿಂದ ಇಸ್ಮಾಯಿಲ್ ನೋಡುತ್ತಿದ್ದಾನೆ, ಈಶ್ವರ ನೀರು ಕುಡಿಯಲು ಹೋಗಿದ್ದಾನೆ. ಅವಳ ಕೆಲಸಗಾರ ಅ, ಆ, ಇ, ಈಗಳಿಗೆ ಅತ್ತೆ ನಾಮಕರಣ ಮಾಡಿ ಮುಗಿಸಿದ್ದರು. ಅಧ್ಯಾಯ ಏಳು ಎಂದು ಕಂಡದ್ದನ್ನು ಅವರು ಹೊಸ ಕಾದಂಬರಿ ಎಂದೇ ನಂಬಿದ್ದರು. ಮೊದಲ ಆರು ಅಧ್ಯಾಯ ಯಾಕಿಲ್ಲ ಎಂಬ ಚಿಂತೆ ಅವರಿಗಿರಲಿಲ್ಲ. ಓಣಿಯಲ್ಲಿ ನಡುವಿನ ಕಂತಿನಿಂದ ಶುರುಮಾಡಿ ಅವರಿಗೆ ಅಭ್ಯಾಸವಿತ್ತು.

ಝುಬೈದಾ ಕೇಳಿದರು: "ಈಗ ಹೇಳಿ. ನೀವಾದರೆ ಇಳಿಯದೆ ಇರ್ತೀರಾ?"

ಗುಣವತಿ ಸ್ಲೇಟಿನತ್ತ ಬಾಗಿದರು. "ಇಳಿಯದೆ ಇರುವುದು ಹೇಗೆ ಝುಬೈದಕ್ಕ? ಒಟ್ಟಿಗೆ ಕೂತು ಊಟ ಮಾಡಿದವ ಅಲ್ವಾ?"

"ಹಾಂ," ಎಂದು ಝುಬೈದಾ ಸ್ಲೇಟಿನ ಮುಚ್ಚಳ ಮುಚ್ಚಿದರು. ಉಳಿದದ್ದು ನಾಳೆಗೆ. ಸೆವರಿನ್ ಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಯಾರೂ ಏಳಲಿಲ್ಲ.

ಶಮೀಮಾ ಬಾಗಿಲಿನಲ್ಲೇ ನಿಂತಿದ್ದಳು. ಕಂಪನಿಯ ಕರಡು ಕಚೇರಿಯಿಂದ ಹೊರಗೆ ಹೋಗಬಾರದು ಎಂಬ ನಿಯಮವಿತ್ತು. ಅದನ್ನು ನೆನೆದು ಎದೆ ಧಸಕ್ಕೆನ್ನಬೇಕಿತ್ತು. ಆದರೆ ಅವಳಿಗೆ ಆದದ್ದು ಬೇರೆಯೇ. ತಾನು ಬರೆದ ಸಾಲು ಒಬ್ಬರ ಕಣ್ಣಿನಿಂದ ಹೊಕ್ಕು ಇಬ್ಬರ ಕಣ್ಣಿನಿಂದ ನೀರಾಗಿ ಹೊರಬಂದದ್ದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಮೈ ಜುಮ್ಮೆಂದಿತು. ಹೆದರಿಕೆಯೂ ಆಯಿತು.

ಸಂಜೆ ಚಾ ಕೊಡುವಾಗ ವಿಷಯ ಹೇಳಿದಳು. ಅದು ಕಾದಂಬರಿಯಲ್ಲ, ತನ್ನ ಕಚೇರಿಯ ಕೆಲಸ, ಬರೆದದ್ದು ತಾನು, ನಡೆದದ್ದು ನಿಜ ಎಂದಳು. ಝುಬೈದಾ ಲೋಟವನ್ನು ಕೆಳಗಿಟ್ಟರು. ನಾಲ್ಕೂ ಜನ ಹೋದರಾ ಎಂದು ಕೇಳಿದರು. ಹೋದರು ಎಂದಳು ಶಮೀಮಾ. ಮರುದಿನ ಅತ್ತೆ ಗೆಳತಿಯರಿಗೆ ಕೊನೆಯವರೆಗೂ ಓದಿ ಹೇಳಿ, ಇದು ನಡೆದದ್ದು, ನಾನು ಕಥೆ ಅಂದುಕೊಂಡಿದ್ದೆ, ನನ್ನ ಸೊಸೆ ಬರೆದದ್ದು ಎಂದೂ ಹೇಳಿದರಂತೆ. ಗುಣವತಿಯ ಮಗ ವಿನೀತ್ ಪಣಂಬೂರಿನಲ್ಲೇ ಖಾದ್ಯ ಎಣ್ಣೆಯ ಟ್ಯಾಂಕು ತೊಳೆಸುವ ಕಾಂಟ್ರಾಕ್ಟರರ ಬಳಿ ಸೂಪರ್‌ವೈಸರ್. ಅಂದು ರಾತ್ರಿ ಊಟಕ್ಕೆ ಕುಳಿತ ಮಗನಿಗೆ ಅವರು ಅಬ್ದುಲ್ಲನಿಂದ ಈಶ್ವರನವರೆಗೆ ಎಲ್ಲ ಹೇಳಿದರು. ಅನ್ನದ ಮುಂದೆ ಸಾವಿನ ಮಾತು ಯಾಕಮ್ಮ ಎಂದು ಅವನು ಸಿಡುಕಿದನಂತೆ.

ಇಷ್ಟೆಲ್ಲ ಆದ ಮೇಲೂ ಶಮೀಮಾ ಆ ಪುಟಗಳನ್ನು ತೆಗೆದಳು. ಮೋಹನದಾಸ್ ಮತ್ತೆ ಕೇಳಿದ್ದರು, ಕಂಪನಿಯಿಂದಲೂ ಫೋನ್ ಬಂದಿತ್ತು. ಮಧ್ಯಾಹ್ನದ ಹೆಂಗಸರು ಅತ್ತರೆಂದು ಕೆಲಸ ಕಳೆದುಕೊಳ್ಳಲಾಗುತ್ತದೆಯೇ? ಒಂದೇ ಗುಂಡಿ ಒತ್ತಿದಳು, ನಾಲ್ಕೂ ಜನ ಮಾಯವಾದರು. ತಿದ್ದಿದ ಕರಡನ್ನು ಅಭ್ಯಾಸಬಲದಿಂದ ರೀಡರಿಗೂ ಕಳಿಸಿದಳು. ಮರುದಿನ ಮನೆಗೆ ಬರುವಷ್ಟರಲ್ಲಿ ಝುಬೈದಾ ಸ್ಲೇಟನ್ನು ಮುಂದಿಟ್ಟುಕೊಂಡು ಕಾಯುತ್ತಿದ್ದರು.

"ಅವರು ಎಲ್ಲಿ?"

"ಯಾರು ಉಮ್ಮ?"

"ನಾಲ್ಕು ಜನ. ನಾನು ಹಿಂದೆ ಮುಂದೆ ಎಲ್ಲ ತಿರುಗಿಸಿ ನೋಡಿದೆ."

ಶಮೀಮಾ ಗಿರಾಕಿ, ಸಹಿ, ಪುಟಗಳ ಮಿತಿ ಎಂದು ಏನೇನೋ ವಿವರಿಸಿದಳು. ಝುಬೈದಾ ಕೊನೆಯವರೆಗೂ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಹೊಂಡದಿಂದ ಅವರನ್ನು ಯಾರೋ ಕಷ್ಟಪಟ್ಟು ಹೊರಗೆ ತೆಗ್ದಿರಬೇಕು," ಎಂದರು. "ನೀನು ಪುನಃ ಒಳಗೆ ಹಾಕಿ ಮುಚ್ಚಳ ಮುಚ್ಚಿದೆ."

ಶಮೀಮಾಳ ಕಿವಿ ಬಿಸಿಯಾಯಿತು. ಸಿಟ್ಟು ಅತ್ತೆಯ ಮೇಲಲ್ಲ, ತನ್ನ ಮೇಲೆ. ಆದರೂ ಕೈಪಿಡಿ ಹಾಗೆಯೇ ಕಂಪನಿಗೆ ಹೋಯಿತು. ಸಹಿಯಾಗಿ ಬಂದೂ ಬಂತು, ಅಚ್ಚಿಗೆ ಹೋಗುವುದೊಂದು ಬಾಕಿ ಉಳಿಯಿತು. ಅಷ್ಟು ದಿನ ಝುಬೈದಾ ಸ್ಲೇಟನ್ನು ಮುಟ್ಟಲಿಲ್ಲ. ಕಣ್ಣು ನೋವು ಎಂದರು.

ಆ ವಾರವೇ ವಿನೀತ್ ತೊಳೆಸುತ್ತಿದ್ದ ಟ್ಯಾಂಕಿನಲ್ಲಿ ಅನಾಹುತವಾಯಿತು. ಸುದ್ದಿ ಮೊದಲು ಗುಣವತಿಗೆ, ಗೋಡೆಯಾಚೆಯ ಅವರ ಅಳುವಿನಿಂದ ಇವರಿಗೆ ತಿಳಿಯಿತು. ಜೋಯೆಲ್ ಎಂಬ ಕೆಲಸಗಾರ ಹೇಳದೆ ಕೇಳದೆ ಒಳಗಿಳಿದು ಬಿದ್ದನಂತೆ, ವಿನೀತ್ ಹತ್ತಿರವೇ ಇದ್ದನಂತೆ, ಅಷ್ಟೇ ಗೊತ್ತು. ಝುಬೈದಾ ಎದುರು ಮನೆಗೆ ಹೋಗಿ ಗುಣವತಿಯ ಕೈ ಹಿಡಿದು ಕುಳಿತರು. ಶಮೀಮಾ ವಿನೀತನಿಗೆ ಫೋನ್ ಮಾಡಿದಳು, ಎತ್ತಲಿಲ್ಲ, ಮತ್ತೆ ಮಾಡಿದಳು. ಸಂಜೆಯ ಹೊತ್ತಿಗೆ ವಿನೀತನೇ ಮೆಟ್ಟಿಲು ಹತ್ತಿ ಬಂದ. ಮೈಯೆಲ್ಲ ಎಣ್ಣೆಯ ಜಿಡ್ಡು. ತಾಯಿಯನ್ನು ಮುಟ್ಟಿ, ಜೋಯೆಲ್ ಬದುಕಿದ್ದಾನೆ, ಇಲ್ಲೇ ಫಳ್ನೀರಿನ ಆಸ್ಪತ್ರೆಯಲ್ಲಿ ಇದ್ದಾನೆ, ಕಣ್ಣು ಬಿಟ್ಟು ಗಂಜಿ ಕೇಳಿದ ಎಂದ. ಸ್ನಾನ ಮಾಡಿ ತಾಯಿಯೊಂದಿಗೆ ಇವರ ಮನೆಗೆ ಬಂದವನು ನೇರ ಶಮೀಮಾಳ ಎದುರಿಗೆ ಕುಳಿತ.

"ಅವ ಬಿದ್ದದ್ದು ಕಂಡಿತು ಶಮೀಮಕ್ಕ. ನಾನು ಒಂದು ಕಾಲು ಒಳಗೆ ಇಟ್ಟಾಗಿತ್ತು. ಆಗ ಅಮ್ಮ ಹೇಳಿದ್ದು ತಲೆಗೆ ಬಂತು. ಜೋಯೆಲ್ ಅಬ್ದುಲ್ಲ. ನಾನು ಆನಂದ. ನನ್ನ ಹಿಂದೆ ನಿಂತವ ಇಸ್ಮಾಯಿಲ್."

ಅವನು ಕಾಲನ್ನು ಹೊರಗೆಳೆದುಕೊಂಡಿದ್ದ. ಟ್ಯಾಂಕಿನ ಬಾಯಿಗೆ ಅಡ್ಡಲಾಗಿ ಕುಳಿತು, ಹಿಂದಿನಿಂದ ನುಗ್ಗಿ ಬಂದ ಇನ್ನೊಬ್ಬನನ್ನು ಅಂಗಿ ಹಿಡಿದು ತಡೆದಿದ್ದ. ಗಾಳಿ ಊದುವ ಬ್ಲೋವರ್ ತರಿಸಿ, ಉಸಿರಾಟದ ಮುಖವಾಡವಿರುವ ಅಗ್ನಿಶಾಮಕದವರನ್ನು ಕೂಗಿ ಕರೆಸಿದ್ದ. ಅವರು ಬಂದು ಹಗ್ಗ ಕಟ್ಟಿ ಜೋಯೆಲನನ್ನು ಮೇಲೆತ್ತಿದರು.

ಶಮೀಮಾ ಕೇಳುತ್ತ ಕುಳಿತಳು. ಎಲ್ಲೋ ಸತ್ತ ನಾಲ್ವರು, ಹೆಸರೂ ಇಲ್ಲದವರು, ಅವಳ ಬೆರಳಿನಿಂದ ಸ್ಲೇಟಿಗೆ, ಸ್ಲೇಟಿನಿಂದ ಮಸುಕು ಕಣ್ಣಿಗೆ, ಅಲ್ಲಿಂದ ಗುಣವತಿಯ ಬಾಯಿಗೆ ಬಂದು, ಒಂದು ಊಟದ ಮೇಜನ್ನು ದಾಟಿ ಪಣಂಬೂರಿನ ಟ್ಯಾಂಕಿನ ಬಾಯಿಗೆ ಹೋಗಿ ಕುಳಿತಿದ್ದರು. ಇದನ್ನು ಏನೆಂದು ಕರೆಯಬೇಕೋ ಅವಳಿಗೆ ತಿಳಿಯಲಿಲ್ಲ. ತಲೆ ಬಾಗಿತು.

ವಿನೀತ್ ಕೃತಜ್ಞತೆ ಹೇಳಲು ಬಂದಿದ್ದಾನೆಂದು ಅವಳು ತಿಳಿದಿದ್ದಳು. ಅವನು ಹೇಳಿದ್ದು ಬೇರೆ.

"ಇಳಿಯಬೇಡಿ ಅಂತ ನೀವು ಬರೆದದ್ದು ಸರಿ. ಆದರೆ ಇಳಿಯದೆ ಮೇಲೆ ಕೂತವ ಎಂತ ಮಾಡ್ಬೇಕು? ಅವನ ಉಸಿರು ನನಗೆ ಕೇಳ್ತಾ ಇತ್ತು, ಗೊರಕೆಯ ಹಾಗೆ. ಎಲ್ಲರೂ ನನ್ನನ್ನೇ ನೋಡ್ತಾ ಇದ್ದರು. ಇವ ಹೆದರಿ ಕೂತಿದ್ದಾನೆ ಅಂತ. ನನಗೂ ಹಾಗೆಯೇ ಕಂಡಿತು. ಆ ಹೊತ್ತು ಉಂಟಲ್ಲ, ಅದು ನಿಮ್ಮ ಪುಸ್ತಕದಲ್ಲಿ ಇಲ್ಲ. ಅದನ್ನು ಬರೀರಿ."

ಮತ್ತೇನು ಮಾಡಿದೆ ಎಂದು ಶಮೀಮಾ ಕೇಳಿದಳು. ಹೆಸರು ಹಿಡಿದು ಕೂಗುತ್ತಿದ್ದೆ ಎಂದ. ಅವನಿಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ, ನನಗೆ ಅಲ್ಲಿ ಕೂತಿರಲಿಕ್ಕೆ ಅದು ಬೇಕಿತ್ತು ಎಂದ.

ಪುಟವನ್ನು ತಾನು ಆಗಲೇ ಕಿತ್ತು ಹಾಕಿದ್ದೇನೆ ಎಂದು ಅವನಿಗೆ ಹೇಳಲು ಶಮೀಮಾಳ ನಾಲಿಗೆ ಏಳಲಿಲ್ಲ. ಝುಬೈದಾ ಕೂಡ ಹೇಳಲಿಲ್ಲ. ಸೊಸೆಯತ್ತ ಒಮ್ಮೆ ನೋಡಿದರು, ಅಷ್ಟೇ. ಶಮೀಮಾ ಲ್ಯಾಪ್‌ಟಾಪ್ ತೆರೆದು, ಹಳೆಯ ಕರಡನ್ನು ಹುಡುಕಿ ನಾಲ್ವರನ್ನೂ ಮೊದಲಿದ್ದ ಜಾಗಕ್ಕೆ ತಂದಳು. ಅವರ ಕೆಳಗೆ, ವಿನೀತ್ ಎದುರಿಗೆ ಕುಳಿತಿದ್ದಂತೆಯೇ, ಹೊಸದನ್ನು ಬರೆದಳು. ಬರೆದದ್ದನ್ನು ರೀಡರಿಗೆ ಕಳಿಸಿ ಅತ್ತೆಯ ಕೈಗಿತ್ತಳು. ದಿನಗಳ ನಂತರ ಝುಬೈದಾ ಸ್ಲೇಟು ಮುಟ್ಟಿದರು, ಬಲಗಡೆ ಒತ್ತುತ್ತ ಗಟ್ಟಿಯಾಗಿ ಓದಿದರು.

"ಇಳಿಯದೆ ಮೇಲೆ ಉಳಿದವರಿಗೆ. ಒಳಗಿನ ಸದ್ದು ನಿಮಗೆ ಕೇಳಿಸಬಹುದು. ನೀವು ಹೇಡಿ ಎಂದು ನಿಮಗೇ ಅನ್ನಿಸಬಹುದು. ಅನ್ನಿಸಲಿ, ಟ್ಯಾಂಕಿನ ಬಾಯಿಯ ಮೇಲಿಂದ ಏಳಬೇಡಿ. ನಿಮ್ಮ ಹಿಂದೆ ಇನ್ನೊಬ್ಬರಿದ್ದಾರೆ, ಅವರನ್ನು ಬಿಡಬೇಡಿ. ಒಳಗೆ ಗಾಳಿ ಊದಿಸಿ. ಮುಖವಾಡವಿರುವವರನ್ನು ಕರೆಯಿರಿ. ಅವರು ಬರುವವರೆಗೆ ಬಿದ್ದವರ ಹೆಸರು ಹಿಡಿದು ಕೂಗುತ್ತಿರಿ. ನೀವು ಸುಮ್ಮನೆ ಕುಳಿತಿಲ್ಲ. ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದನ್ನು ಮಾಡುತ್ತಿದ್ದೀರಿ."

ವಿನೀತ್ ತಲೆ ತಗ್ಗಿಸಿ ಕೇಳಿದ. ಟ್ಯಾಂಕಿನ ಮೇಲೆ ಅಳದವನು, ಆಸ್ಪತ್ರೆಯಲ್ಲಿ ಅಳದವನು ಆಗ ಅತ್ತ. ಗುಣವತಿ ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟರು.

ಮರುದಿನ ಶಮೀಮಾ ರೀಡರನ್ನೇ ಕಚೇರಿಗೆ ಒಯ್ದು ಮೋಹನದಾಸರ ಮೇಜಿನ ಮೇಲಿಟ್ಟಳು. ನಿನ್ನೆ ಪಣಂಬೂರಿನ ಟ್ಯಾಂಕಿನಲ್ಲಿ ಒಬ್ಬ ಹುಡುಗ ಬಿದ್ದ, ಮೇಲಿದ್ದವ ಇಳಿಯದೆ ಉಳಿದದ್ದು ಈ ಪುಟದಿಂದ, ಇದು ಪುಸ್ತಕದಲ್ಲಿ ಇರಬೇಕು, ಇಲ್ಲವಾದರೆ ಈ ಕೆಲಸದಿಂದ ನನ್ನನ್ನು ಬಿಟ್ಟುಬಿಡಿ ಎಂದಳು. ಸಹಿಯಾದ ಮೇಲೆ ಇದೆಂಥ ರಗಳೆ ಎಂದು ಗೊಣಗುತ್ತಲೇ ಅವರು ಓದಲು ತೊಡಗಿದರು. ಅಕ್ಷರ ಝುಬೈದಾರ ಕಣ್ಣಿನ ಅಳತೆಗೇ ಇತ್ತು; ಒಂದು ಪರದೆಗೆ ಒಂದು ವಾಕ್ಯವೂ ಪೂರ್ತಿ ಹಿಡಿಯುತ್ತಿರಲಿಲ್ಲ. ಚಿಕ್ಕದು ಮಾಡಿಕೊಡುತ್ತೇನೆ ಸರ್ ಎಂದಳು. ಬೇಡ ಎಂದು ಅವರು ಕೈಯಾಡಿಸಿದರು. ಗಡಿಬಿಡಿಯಲ್ಲಿ ಕಣ್ಣೋಡಿಸಿ ಬಿಡುವ ಮನುಷ್ಯ, ಈಗ ಒಂದೊಂದು ಮಾತಿಗೂ ಬೆರಳೊತ್ತಿ ಒತ್ತಿ, ಒಬ್ಬೊಬ್ಬನ ಹಿಂದೆಯೂ ಏಣಿಯ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾಯಿತು. ಮೇಜಿನ ಮೇಲೆ ಫೋನ್ ಹೊಡೆದುಕೊಂಡಿತು. ಅವರು ಎತ್ತಲಿಲ್ಲ.

ಕೊನೆಗೆ ಬಂದಾಗ ಅವರ ಮುಖ ಬೇರೆಯಾಗಿತ್ತು. ಒಂದು ಅಕ್ಷರವನ್ನೂ ತೆಗೆಯುವುದು ಬೇಡ, ಕಂಪನಿಯವರಿಗೆ ನಾನು ಹೇಳುತ್ತೇನೆ, ಬೇಕಾದರೆ ನಾನೇ ಹೋಗಿ ಕೂರುತ್ತೇನೆ ಎಂದರು. ರೀಡರನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಮರಳಿಸಿದರು. ಅವಳು ಬಾಗಿಲ ತನಕ ಹೋದಾಗ ಹಿಂದಿನಿಂದ ಕೇಳಿದರು:

"ಶಮೀಮಾ, ಈ ಪಣಂಬೂರಿನ ಹುಡುಗ ಬದುಕಿದನಾ?"

"ಮೂವರೂ ಬದುಕಿದ್ದಾರೆ ಸರ್," ಎಂದಳು ಶಮೀಮಾ. "ಒಳಗೆ ಬಿದ್ದವ, ಬಾಯಿಯ ಮೇಲೆ ಕೂತವ, ಅವನ ಹಿಂದೆ ನಿಂತವ."